ತಂಪು ಗಾಳಿಯಿಂದ ಟ್ರಕ್ಕಿಗೆ ಬಲ ಬರುತ್ತದೆಯೇ?

ಅಮೆರಿಕದಲ್ಲಿ ಟ್ರಕ್ ಎಂದರೆ ನಮ್ಮ ಲಾರಿಯಲ್ಲ. ಮುಂದೆ ಕಾರಿನಂಥ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ವಾಹನವನ್ನು ಅಲ್ಲಿಯವರು ಹಾಗೆ ಕರೆಯುತ್ತಾರೆ. ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ, ರಾಮ್ 1500 ಇವೆಲ್ಲ ಈ ಜಾತಿಯವು. ಅಲ್ಲಿ ರೈತನ ಅಂಗಳದಲ್ಲೂ ಇವು ನಿಂತಿರುತ್ತವೆ, ಒಂದು ದಿನವೂ ಗೊಬ್ಬರದ ಚೀಲ ಹೇರದ ನಗರವಾಸಿಯ ಮನೆ ಮುಂದೆಯೂ ನಿಂತಿರುತ್ತವೆ. ಇಂಥ ವಾಹನಗಳಿಗೆ ಕೊಂಡ ಮೇಲೆ ಜೋಡಿಸುವ ಹೆಚ್ಚುವರಿ ಸಾಮಗ್ರಿಗಳ ಮಾರುಕಟ್ಟೆ ಬಹು ದೊಡ್ಡದು. ಅದರಲ್ಲಿ ಬೇಡಿಕೆ ಕುಂದದ ಒಂದು ವಸ್ತು ‘ಕೋಲ್ಡ್ ಏರ್ ಇಂಟೇಕ್’, ಅಂದರೆ ತಂಪು ಗಾಳಿಯನ್ನು ಎಂಜಿನ್ನಿಗೆ ಊಡುವ ಕೊಳವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿಯೂ ಇದರ ತಮ್ಮನಾದ ಶಂಕುವಿನ ಆಕಾರದ ಫಿಲ್ಟರು ಸಿಗುತ್ತದೆ. ಆದ್ದರಿಂದ ಇದರ ಬಗ್ಗೆ ಹೇಳುವ ಮಾತುಗಳಲ್ಲಿ ಎಷ್ಟು ಹುರುಳಿದೆ ಎಂದು ನೋಡುವುದು ನಮಗೂ ಉಪಯುಕ್ತ.

ವಸ್ತು ಸರಳ. ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗಿನ ಕಾಗದದ ಏರ್ ಫಿಲ್ಟರು, ಅಲ್ಲಿಂದ ಎಂಜಿನ್ನಿಗೆ ಹೋಗುವ ಸುಕ್ಕುಸುಕ್ಕಾದ ಕೊಳವೆ ಇವಿಷ್ಟನ್ನೂ ತೆಗೆದುಹಾಕುತ್ತಾರೆ. ಆ ಜಾಗದಲ್ಲಿ ನುಣುಪಾದ ಅಗಲ ಕೊಳವೆ ಮತ್ತು ಎಣ್ಣೆ ಸವರಿದ ಹತ್ತಿಬಟ್ಟೆಯ ಶಂಕು ಫಿಲ್ಟರು ಬರುತ್ತವೆ. ಎಂಜಿನ್ನಿನ ಬಿಸಿ ತಾಗದಂತೆ ನಡುವೆ ಒಂದು ತಗಡಿನ ಗೋಡೆ. ಬೆಲೆ ಸಾಮಾನ್ಯವಾಗಿ 300ರಿಂದ 500 ಡಾಲರು. ಹತ್ತರಿಂದ ಇಪ್ಪತ್ತು ಅಶ್ವಶಕ್ತಿ ಹೆಚ್ಚುತ್ತದೆ, ಮೈಲೇಜೂ ಸುಧಾರಿಸುತ್ತದೆ ಎಂಬುದು ಮಾರುವವರ ಸಾಮಾನ್ಯ ಹೇಳಿಕೆ. ಜೊತೆಗೆ ಒಂದು ರೇಖಾನಕ್ಷೆ ಇದ್ದೇ ಇರುತ್ತದೆ.

ಹೇಳಿಕೆಯ ಹಿಂದಿರುವ ಭೌತವಿಜ್ಞಾನ ಸುಳ್ಳಲ್ಲ. ಪೆಟ್ರೋಲ್ ಎಂಜಿನ್ನು ಮೂಲತಃ ಗಾಳಿ ಹೀರುವ ಒಂದು ಪಂಪು. ಒಂದು ಕಿಲೋಗ್ರಾಮ್ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಮ್ ಗಾಳಿ ಬೇಕು. ಹಾಗಾಗಿ ಎಷ್ಟು ಗಾಳಿ ಒಳಹೊಕ್ಕಿತು ಎಂಬುದೇ ಎಷ್ಟು ಶಕ್ತಿ ಹೊರಬಂದೀತು ಎಂಬುದನ್ನು ನಿರ್ಧರಿಸುತ್ತದೆ. ಸಿಲ್ವರಾಡೊದ 5.3 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 5,500 ಸುತ್ತು ತಿರುಗುವಾಗ ಅದರ ಪಿಸ್ಟನ್ನುಗಳು ಸೆಕೆಂಡಿಗೆ ಸುಮಾರು 240 ಲೀಟರಿನಷ್ಟು ಜಾಗ ತೆರವು ಮಾಡುತ್ತವೆ. ಸೀಮೆಎಣ್ಣೆಯ ದೊಡ್ಡ ಡ್ರಮ್ಮೊಂದನ್ನು ಸೆಕೆಂಡು ಮುಗಿಯುವುದರೊಳಗೆ ಬರಿದು ಮಾಡಿದಂತೆ. ಜಾಗ ನಿಗದಿಯಾಗಿರುವುದರಿಂದ ಗಾಳಿಯ ರಾಶಿಯನ್ನು ಹೆಚ್ಚಿಸಲು ಉಳಿಯುವ ದಾರಿ ಸಾಂದ್ರತೆಯನ್ನು ಹೆಚ್ಚಿಸುವುದು. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಒಣ ಗಾಳಿ 1.225 ಕಿಲೋಗ್ರಾಮ್ ತೂಗುತ್ತದೆ. ಅದೇ ಗಾಳಿ 45 ಡಿಗ್ರಿಗೆ ಕಾದರೆ 1.11 ಕಿಲೋಗ್ರಾಮ್. ಶೇಕಡಾ ಒಂಬತ್ತಕ್ಕಿಂತ ಹೆಚ್ಚು ಇಳಿಕೆ. ಅಂದಾಜಿಗೆ, ಪ್ರತಿ ಮೂರು ಡಿಗ್ರಿಗೆ ಶೇಕಡಾ ಒಂದು.

ಆದರೆ ಈ ಶೇಕಡಾ ಒಂದು ಅಷ್ಟಕ್ಕಷ್ಟೇ ಶಕ್ತಿಯಾಗಿ ಹೊರಬರುವುದಿಲ್ಲ. ಗಾಳಿ ಸಿಲಿಂಡರನ್ನು ಸೇರುವ ಮೊದಲು ಕಾದ ಲೋಹದ ಹಾದಿಯಲ್ಲಿ, ಕವಾಟಗಳ ಪಕ್ಕದಲ್ಲಿ ಹಾಯಬೇಕು. ಹೆಚ್ಚು ತಂಪಾದ ಗಾಳಿ ಅಲ್ಲಿ ಹೆಚ್ಚು ಶಾಖವನ್ನು ಪಡೆಯುತ್ತದೆ. ಬಾಗಿಲಲ್ಲಿದ್ದ ವ್ಯತ್ಯಾಸ ಒಳಮನೆಗೆ ಹೋಗುವಷ್ಟರಲ್ಲಿ ಕುಗ್ಗುತ್ತದೆ. ಎಂಜಿನ್ನುಗಳ ಶಕ್ತಿಯನ್ನು ಒಂದೇ ಹವಾಮಾನಕ್ಕೆ ಹೊಂದಿಸಿ ಹೇಳಲು ಅಮೆರಿಕದ ವಾಹನ ಎಂಜಿನಿಯರರ ಸಂಘ ರೂಪಿಸಿರುವ ಎಸ್‌ಎಇ ಜೆ1349 ಮಾನಕವು ಇದನ್ನು ಗಣನೆಗೆ ತೆಗೆದುಕೊಂಡಿದೆ. ಅದರ ಸೂತ್ರದಲ್ಲಿ ಒತ್ತಡದ ಪರಿಣಾಮ ನೇರವಾಗಿದೆ, ಉಷ್ಣತೆಯ ಪರಿಣಾಮ ವರ್ಗಮೂಲದಷ್ಟು ಮಾತ್ರ. ಆ ಸೂತ್ರದ ಪ್ರಕಾರ ಗಾಳಿ 10 ಡಿಗ್ರಿ ತಂಪಾದರೆ ಶಕ್ತಿ ಸುಮಾರು ಶೇಕಡಾ 2 ಹೆಚ್ಚೀತು. ಇದು ಪೂರ್ಣ ಥ್ರಾಟಲ್‌ನಲ್ಲಿ, ಅಂದರೆ ಚಾಲಕ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಾಗ ಮಾತ್ರ.

ಇನ್ನು ಕೇಳಬೇಕಾದ ಪ್ರಶ್ನೆ: ತಂಪು, ಯಾವುದಕ್ಕೆ ಹೋಲಿಸಿದರೆ? ಜಾಹೀರಾತುಗಳು ಜಾರಿಕೊಳ್ಳುವುದು ಇಲ್ಲಿಯೇ. 1960ರ ದಶಕದ ಕಾರ್ಬ್ಯುರೇಟರ್ ವಾಹನಗಳಲ್ಲಿ ದುಂಡನೆಯ ತಟ್ಟೆಯಂಥ ಏರ್ ಕ್ಲೀನರು ಎಂಜಿನ್ನಿನ ನೆತ್ತಿಯ ಮೇಲೇ ಕುಳಿತು ಬಾನೆಟ್ಟಿನ ಅಡಿಯ ಬಿಸಿ ಗಾಳಿಯನ್ನೇ ಹೀರುತ್ತಿತ್ತು. ಆಗ ಬಾನೆಟ್ಟಿಗೆ ತೂತು ಕೊರೆದು ಹೊರಗಿನ ಗಾಳಿ ತಂದವರಿಗೆ ನಿಜಕ್ಕೂ ಲಾಭವಾಯಿತು. ವಾಹನ ಕಂಪೆನಿಗಳೇ ಅಂಥ ಏರ್ಪಾಡನ್ನು ಕೆಲವು ಮಾದರಿಗಳಲ್ಲಿ ಕೊಟ್ಟವು. ತಂಪು ಗಾಳಿಯ ಕೀರ್ತಿ ಬಂದದ್ದು ಆ ಕಾಲದಿಂದ. ಇಂದಿನ ಪಿಕಪ್ಪಿನ ಬಾನೆಟ್ ಎತ್ತಿ ನೋಡಿ. ಕಾರ್ಖಾನೆಯ ಪ್ಲಾಸ್ಟಿಕ್ ಪೆಟ್ಟಿಗೆಯ ಬಾಯಿ ಮುಂಭಾಗದ ಜಾಲರಿಯ ಹಿಂದೆಯೋ ಮಡ್‌ಗಾರ್ಡಿನ ಒಳಬದಿಗೋ ತೆರೆದಿರುತ್ತದೆ. ಅದು ಹೀರುವುದು ಹೊರಗಿನ ಗಾಳಿಯನ್ನೇ. ಎಂದರೆ, ಗ್ರಾಹಕ 400 ಡಾಲರು ಕೊಟ್ಟು ಕೊಳ್ಳುವ ತಂಪು ಗಾಳಿಯ ಕೊಳವೆ ಅವನ ವಾಹನದಲ್ಲಿ ಮೊದಲೇ ಇದೆ. ನೋಡಲು ಚೆಂದವಿಲ್ಲ, ಅಷ್ಟೆ.

ಇದನ್ನು ಯಾರ ಮಾತನ್ನೂ ನಂಬದೆ ಅಳೆದು ನೋಡಬಹುದು. 1996ರಿಂದ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಕಾರು, ಪಿಕಪ್‌ಗಳಲ್ಲಿ ಓಬಿಡಿ-2 ಎಂಬ ಪರೀಕ್ಷಾ ಕಿಂಡಿ ಇದೆ. ಅಗ್ಗದ ಒಂದು ಓದುಗ ಉಪಕರಣವನ್ನು ಅಲ್ಲಿ ಸಿಕ್ಕಿಸಿದರೆ ಒಳಬರುವ ಗಾಳಿಯ ಉಷ್ಣತೆ ಪರದೆಯ ಮೇಲೆ ಕಾಣುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಅದು ಹೊರಗಿನ ಉಷ್ಣತೆಗಿಂತ ಸಾಮಾನ್ಯವಾಗಿ ಕೆಲವೇ ಡಿಗ್ರಿ ಹೆಚ್ಚು. ಎಂಟು ಡಿಗ್ರಿ ಎಂದಿಟ್ಟುಕೊಳ್ಳೋಣ. ಅಷ್ಟನ್ನೂ ಯಾವುದೋ ಪವಾಡದಿಂದ ಅಳಿಸಿಹಾಕಿದರೂ ಎಸ್‌ಎಇ ಸೂತ್ರದಂತೆ ಸಿಗುವುದು ಸುಮಾರು ಶೇಕಡಾ ಒಂದೂವರೆ. 5.3 ಲೀಟರಿನ ಆ ಎಂಜಿನ್ನಿನ ಘೋಷಿತ ಶಕ್ತಿ 355 ಅಶ್ವಶಕ್ತಿ. ಲಾಭ ಐದು ಅಶ್ವಶಕ್ತಿ. ವಾಹನ ಸಿಗ್ನಲ್ಲಿನಲ್ಲಿ ನಿಂತಾಗಲಂತೂ ಲೆಕ್ಕ ತಿರುವುಮುರುವಾಗುತ್ತದೆ. ಮುಚ್ಚಿದ ಪೆಟ್ಟಿಗೆಗಿಂತ ತೆರೆದ ಶಂಕು ಫಿಲ್ಟರೇ ಎಂಜಿನ್ನಿನ ಬಿಸಿಯನ್ನು ಹೆಚ್ಚು ಹೀರಬಹುದು. ಮೇಲ್ಭಾಗ ತೆರೆದಿರುವ ತಗಡಿನ ಗೋಡೆ ಬಿಸಿ ಗಾಳಿಯನ್ನು ಎಷ್ಟೆಂದು ತಡೆದೀತು?

ಎರಡನೆಯ ವಾದ ತಡೆಯದ್ದು. ಕಾಗದದ ಫಿಲ್ಟರು ಮತ್ತು ಸುಕ್ಕು ಕೊಳವೆ ಗಾಳಿಯ ದಾರಿಗೆ ಅಡ್ಡಿ, ನುಣುಪಾದ ಅಗಲ ಕೊಳವೆಯಲ್ಲಿ ಅಡ್ಡಿ ಕಡಿಮೆ ಎನ್ನುತ್ತಾರೆ. ಈ ಮಾತಿನಲ್ಲಿ ಉಷ್ಣತೆಯ ಮಾತಿಗಿಂತ ಹೆಚ್ಚು ಸತ್ಯಾಂಶವಿದೆ. ಗರಿಷ್ಠ ಹರಿವಿನಲ್ಲಿ ಶುದ್ಧವಾದ ಮೂಲ ಫಿಲ್ಟರು, ಪೆಟ್ಟಿಗೆ, ಕೊಳವೆ ಎಲ್ಲ ಸೇರಿ 2 ಕಿಲೋಪಾಸ್ಕಲ್ ಒತ್ತಡ ಕಳೆಯುತ್ತವೆ ಎನ್ನಿ. ಹೊಸ ಕೊಳವೆ ಅದನ್ನು ಅರ್ಧಕ್ಕೆ ಇಳಿಸಿದರೆ ಉಳಿತಾಯ ಒಂದು ಕಿಲೋಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಶೇಕಡಾ ಒಂದು. ಶಕ್ತಿಯಲ್ಲಿ ನಾಲ್ಕು ಅಶ್ವಶಕ್ತಿ. ಕೊಳವೆಗಳಲ್ಲಿನ ಒತ್ತಡ ನಷ್ಟ ಹರಿವಿನ ವರ್ಗಕ್ಕೆ ಅನುಗುಣವಾದದ್ದು. ಹರಿವು ಅರ್ಧವಾದರೆ ನಷ್ಟ ಕಾಲು ಭಾಗ. ಆದ್ದರಿಂದ ಎಂಜಿನ್ನಿನ ಅತ್ಯುನ್ನತ ವೇಗವನ್ನು ಬಿಟ್ಟು ಕೆಳಗೆ ಬಂದರೆ ಈ ಲಾಭವೂ ಬೇಗ ಕರಗುತ್ತದೆ.

ಮೂರನೆಯದು, ವಾಹನದ ವೇಗವೇ ಗಾಳಿಯನ್ನು ಒಳಗೆ ತುರುಕುತ್ತದೆ ಎಂಬ ಕಲ್ಪನೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಚಲನ ಒತ್ತಡ ಸುಮಾರು 460 ಪಾಸ್ಕಲ್. ವಾಯುಮಂಡಲದ ಒತ್ತಡದ ಶೇಕಡಾ ಅರ್ಧಕ್ಕಿಂತ ಕಡಿಮೆ. ಇದನ್ನು ಚರ್ಚಿಸುವ ಅಗತ್ಯವಿಲ್ಲ.

ಎಲ್ಲ ಉದಾರವಾಗಿ ಕೂಡಿಸಿದರೂ ಮೊತ್ತ ಹತ್ತನ್ನು ಮುಟ್ಟುವುದು ಕಷ್ಟ. ನಿಜ ಜೀವನದಲ್ಲಿ ಅದರ ಅರ್ಧ. 2,400 ಕಿಲೋಗ್ರಾಮ್ ತೂಗುವ ಪಿಕಪ್ಪಿಗೆ ಶೇಕಡಾ 2 ಹೆಚ್ಚು ಶಕ್ತಿ ಬಂದರೆ, ಏಳು ಸೆಕೆಂಡಿನಲ್ಲಿ ಮುಟ್ಟುತ್ತಿದ್ದ ವೇಗವನ್ನು ಸೆಕೆಂಡಿನ ಹತ್ತನೇ ಒಂದರಷ್ಟು ಬೇಗ ಮುಟ್ಟೀತು. ಪಕ್ಕದ ಸೀಟಿನಲ್ಲಿರುವ 70 ಕಿಲೋಗ್ರಾಮಿನ ಗೆಳೆಯ ವಾಹನದ ತೂಕದ ಶೇಕಡಾ ಮೂರರಷ್ಟು ಇದ್ದಾನೆ. ಅವನನ್ನು ಇಳಿಸಿದರೆ ಇದಕ್ಕಿಂತ ಹೆಚ್ಚಿನ ಲಾಭ, ಖರ್ಚಿಲ್ಲದೆ. ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಶೇಕಡಾ 17ರಷ್ಟು ಕಡಿಮೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬರುವ ವಾಹನವೂ ಶೇಕಡಾ ಹತ್ತರಷ್ಟು ಒತ್ತಡ ಕಳೆದುಕೊಂಡಿರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ನಿಜವಾದ ನಷ್ಟ. ಯಾವ ಕೊಳವೆಯೂ ಇದನ್ನು ತುಂಬಿಕೊಡದು.

ಹಾಗಾದರೆ ಜಾಹೀರಾತಿನ ರೇಖಾನಕ್ಷೆಯಲ್ಲಿ 15 ಅಶ್ವಶಕ್ತಿ ಎಲ್ಲಿಂದ ಬಂತು? ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ದಾಖಲೆ ಪುಸ್ತಕ ತಿದ್ದುವ ಕೆಲಸ ಮಾಡಿದವರಿಗೆ ಈ ನಕ್ಷೆಗಳನ್ನು ನೋಡಿದಾಗ ಕೈ ಕೆಂಪು ಪೆನ್ನಿನತ್ತ ಹೋಗುತ್ತದೆ. ಮೊದಲನೆಯದಾಗಿ, ಡೈನಮೋಮೀಟರಿನ ಉರುಳೆಗಳ ಮೇಲೆ ಪರೀಕ್ಷಿಸುವಾಗ ವಾಹನ ನಿಂತಲ್ಲೇ ಇರುತ್ತದೆ. ಬಾನೆಟ್ ಎತ್ತಿ ಎದುರಿಗೆ ದೊಡ್ಡ ಫ್ಯಾನ್ ಇಡುವುದು ಸಾಮಾನ್ಯ ರೂಢಿ. ತೆರೆದ ಶಂಕು ಫಿಲ್ಟರಿಗೆ ಇದು ರಾಜೋಪಚಾರ, ರಸ್ತೆಯಲ್ಲಿ ಅದಕ್ಕೆ ಎಂದೂ ಸಿಗದ ಗಾಳಿ. ಮುಚ್ಚಿದ ಮೂಲ ಪೆಟ್ಟಿಗೆಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಎರಡನೆಯದಾಗಿ, ಓಟಗಳ ಅನುಕ್ರಮ. ಎಂಜಿನ್ನು, ಕೊಳವೆ, ಗೇರ್‌ಪೆಟ್ಟಿಗೆಯ ಎಣ್ಣೆ ಎಲ್ಲದರ ಉಷ್ಣತೆ ಪ್ರತಿ ಓಟಕ್ಕೂ ಬದಲಾಗುತ್ತದೆ. ಕಾದ ಎಂಜಿನ್ನಿನಲ್ಲಿ ಹಳೆಯ ಪೆಟ್ಟಿಗೆಯ ಓಟ ಮುಗಿಸಿ, ಹೊಸದನ್ನು ಜೋಡಿಸುವ ಒಂದು ಗಂಟೆಯಲ್ಲಿ ಎಲ್ಲ ಆರಿದ ಮೇಲೆ ಎರಡನೆಯ ಓಟ ಮಾಡಿದರೆ, ಕೊಳವೆ ಬದಲಿಸದೆಯೂ ಶಕ್ತಿ ಹೆಚ್ಚೀತು. ಇದಕ್ಕೆ ಮದ್ದು ಬಹಳ ಹಳೆಯದು: ಹಳೆಯದು, ಹೊಸದು, ಮತ್ತೆ ಹಳೆಯದು ಎಂದು ಮೂರು ಸರದಿ ಮಾಡುವುದು. ಮೂರನೆಯ ಸರದಿ ಮೊದಲನೆಯದಕ್ಕೆ ಸರಿಹೊಂದದಿದ್ದರೆ ನಡುವಿನದನ್ನು ನಂಬುವಂತಿಲ್ಲ. ಜಾಹೀರಾತುಗಳಲ್ಲಿ ಆ ಮೂರನೆಯ ಗೆರೆಯನ್ನು ಹುಡುಕಿ ನೋಡಿ.

ಮೂರನೆಯದು ದೋಷದ ಲೆಕ್ಕ. ಒಂದು ಓಟದಿಂದ ಇನ್ನೊಂದಕ್ಕೆ ಫಲಿತಾಂಶ ಶೇಕಡಾ ಒಂದರಷ್ಟು ಚದುರುತ್ತದೆ ಎನ್ನೋಣ. ಚಕ್ರದಲ್ಲಿ ಅಳೆದ 300 ಅಶ್ವಶಕ್ತಿಗೆ ಅದು ಮೂರು. ಎರಡು ಓಟಗಳ ವ್ಯತ್ಯಾಸದಲ್ಲಿ ಚದುರಿಕೆ ಎರಡರ ವರ್ಗಮೂಲದಷ್ಟು ಪಟ್ಟು ಹೆಚ್ಚಿ 4.2 ಆಗುತ್ತದೆ. ಶೇಕಡಾ 95 ಭರವಸೆಯಿಂದ ಮಾತನಾಡಬೇಕಾದರೆ ಎರಡೂ ಬದಿಗೆ ಎಂಟು ಅಶ್ವಶಕ್ತಿಯ ಅನಿಶ್ಚಿತತೆ ಇಟ್ಟುಕೊಳ್ಳಬೇಕು. ಅಳೆಯಹೊರಟ ಪರಿಣಾಮವೇ ಐದಾರು ಅಶ್ವಶಕ್ತಿಯದು. ಒಂದೊಂದೇ ಓಟದ ಎರಡು ಗೆರೆಗಳನ್ನು ಪಕ್ಕಪಕ್ಕ ಎಳೆದು ತೋರಿಸುವುದರಿಂದ ಏನೂ ಸಿದ್ಧವಾಗದು. ಅದಕ್ಕೂ ಮೇಲೆ, ಗೆರೆಗಳ ನಡುವಿನ ಅಂತರ ಯಾವುದೋ ಒಂದು ವೇಗದಲ್ಲಿ ಅತಿ ಹೆಚ್ಚಾಗಿರುತ್ತದಲ್ಲ, ಆ ಒಂದೇ ಬಿಂದುವನ್ನು ಹೆಕ್ಕಿ ‘15ರವರೆಗೆ’ ಎಂದು ಬರೆಯುತ್ತಾರೆ. ‘ವರೆಗೆ’ ಎಂಬ ಮೂರಕ್ಷರದ ಮೇಲೆ ಎಷ್ಟು ದೊಡ್ಡ ವ್ಯಾಪಾರ ನಿಂತಿದೆ!

ಕೆಲವು ಸಂದರ್ಭಗಳಲ್ಲಿ ಹೆಚ್ಚಳ ನಿಜವಾಗಿಯೂ ಇರುತ್ತದೆ, ಆದರೆ ಅದು ತಂಪು ಗಾಳಿಯದ್ದಲ್ಲ. ಗಾಳಿಯ ಹರಿವನ್ನು ಅಳೆಯಲು ಅನೇಕ ವಾಹನಗಳ ಕೊಳವೆಯೊಳಗೆ ಕಾಯಿಸಿದ ಸೂಕ್ಷ್ಮ ತಂತಿಯ ಸಂವೇದಕವಿರುತ್ತದೆ. ಹರಿಯುವ ಗಾಳಿ ತಂತಿಯನ್ನು ತಣಿಸುತ್ತದೆ. ಅದನ್ನು ಬಿಸಿಯಾಗಿಡಲು ಬೇಕಾದ ವಿದ್ಯುತ್ತಿನಿಂದ ಹರಿವು ತಿಳಿಯುತ್ತದೆ. ಸಂವೇದಕ ಅಳೆಯುವುದು ತಾನಿರುವ ಜಾಗದ ಗಾಳಿಯನ್ನು ಮಾತ್ರ. ಒಟ್ಟು ಹರಿವನ್ನು ಕಂಪ್ಯೂಟರು ಮೂಲ ಕೊಳವೆಯ ವ್ಯಾಸವನ್ನು ನಂಬಿ ಲೆಕ್ಕ ಹಾಕುತ್ತದೆ. ಹೊಸ ಕೊಳವೆಯ ವ್ಯಾಸ ಆ ಜಾಗದಲ್ಲಿ ಶೇಕಡಾ 5 ಹೆಚ್ಚಾಗಿದ್ದರೆ ವಿಸ್ತೀರ್ಣ ಶೇಕಡಾ 10 ಹೆಚ್ಚು, ಗಾಳಿಯ ವೇಗ ಅಷ್ಟರಮಟ್ಟಿಗೆ ಕಡಿಮೆ. ಗಾಳಿ ಕಡಿಮೆ ಬಂತೆಂದು ತಿಳಿದ ಕಂಪ್ಯೂಟರು ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಸಾಧಾರಣ ಓಟದಲ್ಲಿ ಆಮ್ಲಜನಕ ಸಂವೇದಕ ಈ ತಪ್ಪನ್ನು ಹಿಡಿದು ತಿದ್ದುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ಅನೇಕ ಎಂಜಿನ್ನುಗಳು ಆ ತಿದ್ದುಪಡಿಗೆ ಕಾಯುವುದಿಲ್ಲ. ತಯಾರಕರು ಪೂರ್ಣ ಶಕ್ತಿಯ ವೇಳೆ ಎಂಜಿನ್ನಿನ ರಕ್ಷಣೆಗಾಗಿ ಪೆಟ್ರೋಲನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಬಿಟ್ಟಿರುತ್ತಾರೆ. ಹೆಚ್ಚಿನ ಇಂಧನ ಆವಿಯಾಗಿ ಒಳಭಾಗವನ್ನು ತಣಿಸುತ್ತದೆ. ಅದನ್ನು ಕಡಿತಗೊಳಿಸಿದರೆ ಡೈನಮೋಮೀಟರಿನಲ್ಲಿ ಕೆಲವು ಅಶ್ವಶಕ್ತಿ ಹೆಚ್ಚಾಗಿ ಕಾಣಬಹುದು. ತೆತ್ತದ್ದು ರಕ್ಷಣೆಯ ಅಂಚನ್ನು. ಭಾರದ ಟ್ರೇಲರು ಎಳೆದುಕೊಂಡು ಬೇಸಿಗೆಯಲ್ಲಿ ಬೆಟ್ಟ ಹತ್ತುವವನಿಗೆ ಈ ಅಂಚು ಬಹಳ ಮುಖ್ಯ.

ಮೈಲೇಜಿನ ಹೇಳಿಕೆಯನ್ನು ಬೇಗ ಮುಗಿಸಬಹುದು. ಪೆಟ್ರೋಲ್ ವಾಹನದಲ್ಲಿ ಗಾಳಿಯನ್ನು ಬೇಕೆಂದೇ ತಡೆಯುವ ಥ್ರಾಟಲ್ ಕವಾಟವಿದೆ. ಸಾಧಾರಣ ಓಟದಲ್ಲಿ ಅದು ಅರೆಮುಚ್ಚಿರುತ್ತದೆ. ಫಿಲ್ಟರಿನ ತಡೆ ಸ್ವಲ್ಪ ಕಡಿಮೆಯಾದರೆ ಕವಾಟ ಸ್ವಲ್ಪ ಹೆಚ್ಚು ಮುಚ್ಚಿಕೊಳ್ಳುತ್ತದೆ, ಒಟ್ಟು ತಡೆ ಇದ್ದಷ್ಟೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಶಾಲೆ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪರೀಕ್ಷಿಸಿತ್ತು. ಕಂಪ್ಯೂಟರ್ ನಿಯಂತ್ರಿತ ಇಂಧನ ಚಿಮ್ಮುವ ವ್ಯವಸ್ಥೆಯ ವಾಹನಗಳಲ್ಲಿ ಫಿಲ್ಟರು ಕೊಳೆಯಿಂದ ಕಟ್ಟಿಕೊಂಡಿದ್ದರೂ ಇಂಧನ ಬಳಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವೇಗೋತ್ಕರ್ಷ ಮಾತ್ರ ಶೇಕಡಾ 6ರಿಂದ 11ರಷ್ಟು ಕುಗ್ಗಿತು. ಕಟ್ಟಿಕೊಂಡ ಫಿಲ್ಟರನ್ನು ತೆಗೆದರೇ ಪೆಟ್ರೋಲು ಉಳಿಯದಿದ್ದ ಮೇಲೆ ಶುದ್ಧ ಫಿಲ್ಟರನ್ನು ಬದಲಿಸಿ ಉಳಿಸುವುದು ಏನನ್ನು?

ಟರ್ಬೊ ಡೀಸೆಲ್ ಪಿಕಪ್‌ಗಳಲ್ಲಿ ತಂಪು ಗಾಳಿಯ ವಾದ ಇನ್ನೂ ತೆಳು. ಒತ್ತಡವನ್ನು ಎರಡೂವರೆ ಪಟ್ಟು ಮಾಡುವ ಟರ್ಬೊ 27 ಡಿಗ್ರಿಯ ಗಾಳಿಯನ್ನು ಸುಮಾರು 155 ಡಿಗ್ರಿಗೆ ಕಾಯಿಸುತ್ತದೆ. ನಂತರ ಇಂಟರ್‌ಕೂಲರು ಆ ಹೆಚ್ಚಿನ ಬಿಸಿಯ ಬಹುಪಾಲನ್ನು, ಶೇಕಡಾ 80 ಎನ್ನೋಣ, ಹೊರಹಾಕುತ್ತದೆ. ಬಾಯಲ್ಲಿ ಹತ್ತು ಡಿಗ್ರಿ ತಂಪು ಮಾಡಿದರೆ ಎಂಜಿನ್ನಿಗೆ ತಲುಪುವಾಗ ಉಳಿಯುವುದು ಮೂರು ಡಿಗ್ರಿಗಿಂತ ಕಡಿಮೆ. ಅಲ್ಲದೆ ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಚಿಮ್ಮುವ ಡೀಸೆಲ್ಲು. ಗಾಳಿ ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ.

ಆದರೂ ಹಾಕಿಸಿಕೊಂಡವರು ‘ಗಾಡಿ ಬೇರೆಯೇ ಆಗಿದೆ’ ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ. ಅವರು ಸುಳ್ಳಾಡುತ್ತಿಲ್ಲ. ಮೂಲ ಕೊಳವೆಯ ಪಕ್ಕದಲ್ಲಿ ಯಾಕಿದೆ ಎಂದು ತಿಳಿಯದ ಖಾಲಿ ಡಬ್ಬಿಗಳು ಅಂಟಿಕೊಂಡಿರುತ್ತವೆ. ಅವು ಹೆಲ್ಮ್‌ಹೋಲ್ಟ್ಸ್ ಅನುನಾದಕಗಳು. ಬಾಟಲಿಯ ಬಾಯಿಗೆ ಊದಿದಾಗ ಬರುವ ನಾದದ ತತ್ತ್ವದಿಂದಲೇ ಗಾಳಿ ಹೀರುವ ಸದ್ದನ್ನು ಅಡಗಿಸುತ್ತವೆ. ಹೊಸ ಕೊಳವೆಯಲ್ಲಿ ಅವಿಲ್ಲ. ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ನು ಗರ್ಜಿಸುತ್ತದೆ. ಕಿವಿ ಕೇಳಿದ್ದನ್ನು ಬೆನ್ನು ಬಲವೆಂದು ಭಾವಿಸುತ್ತದೆ. ಸದ್ದಿಗಾಗಿಯೇ ಕೊಳ್ಳುವೆ ಎನ್ನುವವರ ಬಗ್ಗೆ ನನ್ನ ತಕರಾರಿಲ್ಲ. ಅವರು ಕೊಟ್ಟ ಹಣಕ್ಕೆ ಅದು ಸಿಗುತ್ತದೆ.

ನನ್ನ ಮುಖ್ಯ ಆಕ್ಷೇಪ ಧೂಳಿನದು. ಫಿಲ್ಟರಿನ ಕೆಲಸ ಗಾಳಿ ಬಿಡುವುದಲ್ಲ, ಧೂಳು ಹಿಡಿಯುವುದು. ಇದನ್ನು ಅಳೆಯಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅರಿಜೋನಾ ಧೂಳೆಂದೇ ಹೆಸರಾದ ನಿಗದಿತ ಪುಡಿಯನ್ನು ಊಡಿ ಎಷ್ಟು ಹಿಡಿಯಿತು, ಎಷ್ಟು ಸೋರಿತು, ತಡೆ ಎಷ್ಟು ಎಂದು ತೂಗಿ ನೋಡುತ್ತಾರೆ. ಜಾಹೀರಾತು ಹೇಳುವುದು ಈ ಮೂರರಲ್ಲಿ ತಡೆಯನ್ನು ಮಾತ್ರ. ಒಂದು ಫಿಲ್ಟರು ಶೇಕಡಾ 99.5 ಧೂಳು ಹಿಡಿಯುತ್ತದೆ, ಇನ್ನೊಂದು ಶೇಕಡಾ 97 ಎಂದಿಟ್ಟುಕೊಳ್ಳಿ. ಅಂಕಿಗಳು ಹತ್ತಿರ ಕಾಣುತ್ತವೆ. ಆದರೆ ಎಂಜಿನ್ನಿಗೆ ಸಂಬಂಧಿಸಿದ್ದು ಸೋರಿದ ಧೂಳು: ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಮೂರು. ಆರು ಪಟ್ಟು. ಹೀಗೆ ಸೋರುವ ಕೆಲವು ಮೈಕ್ರಾನಿನ ಕಣಗಳೇ ಪಿಸ್ಟನ್ ಉಂಗುರ ಮತ್ತು ಸಿಲಿಂಡರ್ ಗೋಡೆಯ ನಡುವಿನ ಎಣ್ಣೆಯ ಪದರದಲ್ಲಿ ಅರದಂತೆ ಕೆಲಸ ಮಾಡುವುದು. ತಡೆ ಕಡಿಮೆ ಮಾಡಬೇಕಾದರೆ ರಂಧ್ರ ದೊಡ್ಡದಾಗಬೇಕು ಅಥವಾ ಫಿಲ್ಟರಿನ ವಿಸ್ತೀರ್ಣ ಹೆಚ್ಚಬೇಕು. ಮಡಿಕೆ ಮಡಿಕೆಯಾದ ಕಾಗದವನ್ನು ಬಿಡಿಸಿ ಹರವಿದರೆ ಅದರ ವಿಸ್ತೀರ್ಣ ಚಿಕ್ಕ ಶಂಕುವಿಗಿಂತ ಎಷ್ಟೋ ದೊಡ್ಡದು. ಹತ್ತಿಯ ಫಿಲ್ಟರಿಗೆ ಎಣ್ಣೆ ಅತಿಯಾದರೆ ಅದು ಸೂಕ್ಷ್ಮ ತಂತಿಯ ಸಂವೇದಕದ ಮೇಲೆ ಹೋಗಿ ಕೂರುವ ಅಪಾಯವೂ ಉಂಟು. ಮಡ್‌ಗಾರ್ಡಿನ ಕೆಳಗೆ ಇಳಿಬಿಟ್ಟ ಫಿಲ್ಟರುಗಳು ನೀರು ನಿಂತ ರಸ್ತೆಯಲ್ಲಿ ನೀರನ್ನೇ ಹೀರಿದರೆ, ನೀರು ಸಂಕುಚಿಸದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಇಂಥ ಭಾಗಗಳಿಗೆ ಅಲ್ಲಿಯ ವಾಯು ಸಂಪನ್ಮೂಲ ಮಂಡಳಿಯ ಆದೇಶ ಸಂಖ್ಯೆ ಬೇಕು. ಮಾರುವವರು ಅದನ್ನು ಗುಣಮಟ್ಟದ ಮುದ್ರೆಯಂತೆ ಮುಂದಿಡುತ್ತಾರೆ. ಆ ಸಂಖ್ಯೆ ಹೇಳುವುದು ಹೊಗೆಯ ಮಾಲಿನ್ಯ ಹೆಚ್ಚುವುದಿಲ್ಲ ಎಂದಷ್ಟೇ. ಶಕ್ತಿಯ ಬಗ್ಗೆಯಾಗಲಿ ಧೂಳಿನ ಬಗ್ಗೆಯಾಗಲಿ ಅದು ಏನನ್ನೂ ಪ್ರಮಾಣೀಕರಿಸುವುದಿಲ್ಲ.

ಈ ಕೊಳವೆ ಎಲ್ಲಿಯೂ ಉಪಯೋಗವಿಲ್ಲ ಎನ್ನಲಾಗದು. ಸೂಪರ್‌ಚಾರ್ಜರ್ ಹಾಕಿ ಅಥವಾ ದೊಡ್ಡ ಟರ್ಬೊ ಕೂರಿಸಿ ಎಂಜಿನ್ನಿನ ಗಾಳಿಯ ಹಸಿವನ್ನು ಒಂದೂವರೆ ಪಟ್ಟು ಹೆಚ್ಚಿಸಿದವರಿಗೆ ಮೂಲ ಪೆಟ್ಟಿಗೆ ನಿಜವಾಗಿಯೂ ಕಿರಿದಾಗುತ್ತದೆ. ವರ್ಗದ ನಿಯಮ ಆಗ ಅವರ ಪರವಾಗಿ ನಿಲ್ಲುತ್ತದೆ. ಪಂದ್ಯದಲ್ಲಿ ಓಡಿಸುವವರಿಗೆ ಸೆಕೆಂಡಿನ ಹತ್ತನೇ ಒಂದೂ ಅಮೂಲ್ಯ, ಎಂಜಿನ್ನಿನ ಆಯುಷ್ಯ ಅವರ ಚಿಂತೆಯಲ್ಲ. ಕೆಲಸಕ್ಕೆ, ಸಂತೆಗೆ, ಶಾಲೆಗೆ ಹೋಗುವ ವಾಹನ ಇವೆರಡರಲ್ಲಿ ಯಾವುದೂ ಅಲ್ಲ.

ನಮ್ಮ ಲಾರಿಗಳ ವಿಷಯಕ್ಕೆ ಬಂದರೆ, ಬಹುಪಾಲು ಲಾರಿಗಳಲ್ಲಿ ಗಾಳಿ ಹೀರುವ ಕೊಳವೆ ಕ್ಯಾಬಿನ್ನಿನ ಹಿಂದೆ ಎತ್ತರಕ್ಕೆ ಏರಿ ನಿಂತಿರುತ್ತದೆ. ಎಂಜಿನ್ನಿನ ಬಿಸಿಯಿಂದಲೂ ರಸ್ತೆಯ ಧೂಳಿನಿಂದಲೂ ದೂರ ಇಟ್ಟ ತಂಪು ಗಾಳಿಯ ಕೊಳವೆ ಅದೇ. ಕೆಡುಕಾಗುತ್ತಿರುವುದು ಬೇರೆ ಕಡೆ. ಕಾಗದದ ಫಿಲ್ಟರಿನ ಮೇಲೆ ಕೂತ ಧೂಳಿನ ತೆಳು ಪದರವೇ ಮುಂದೆ ಬರುವ ಸೂಕ್ಷ್ಮ ಕಣಗಳನ್ನು ಹಿಡಿಯುತ್ತದೆ. ಅದಕ್ಕೇ ಹೊಚ್ಚ ಹೊಸ ಫಿಲ್ಟರಿಗಿಂತ ತುಸು ಬಳಸಿದ ಫಿಲ್ಟರು ಹೆಚ್ಚು ದಕ್ಷ. ವಾರಕ್ಕೊಮ್ಮೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಅದನ್ನು ಊದಿಸುವ ನಮ್ಮ ಚಾಲಕರು ಆ ಪದರವನ್ನು ಕಳೆಯುತ್ತಾರೆ, ಗಾಳಿಯ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳುಗಳನ್ನೂ ಮಾಡುತ್ತಾರೆ. ದೊಡ್ಡ ಡೀಸೆಲ್ ವಾಹನಗಳ ಏರ್ ಕ್ಲೀನರಿನ ಬಳಿ ತಡೆಯನ್ನು ತೋರಿಸುವ ಪುಟ್ಟ ಸೂಚಕವಿರುತ್ತದೆ. ತಡೆ ಸುಮಾರು 6 ಕಿಲೋಪಾಸ್ಕಲ್ ಮುಟ್ಟಿದಾಗ ಅದರ ಗಾಜಿನಲ್ಲಿ ಕೆಂಪು ಕಾಣುತ್ತದೆ. ಅಲ್ಲಿಯವರೆಗೆ ಫಿಲ್ಟರಿನ ಮುಚ್ಚಳ ಬಿಚ್ಚುವ ಅಗತ್ಯವಿಲ್ಲ.